ಡಿಸ್ಕಿನಲ್ಲಿ ಜಾಗ ಮಾಡಿದವಳು

8 ಜನವರಿ 2026, ಗುರುವಾರ

ಹತ್ತೂವರೆಗೆ ಲ್ಯಾಬ್. ನಮ್ಮ ಅಟೆಂಡರ್ ದಾದೇಸಾಬ ಆಗಲೇ ಎಲ್ಲ ಮಷೀನ್ ಆನ್ ಮಾಡಿ ಕಿಟಕಿ ತೆರೆದಿಟ್ಟಿದ್ದ. ರೈಸ್‌ಮಿಲ್ಲಿನ ಕರಿ ಬೂದಿ ಎಂದಿನಂತೆ ಕೀಬೋರ್ಡಿನ ಮೇಲೆ. ಸೆರಗಿನಿಂದ ಒರೆಸಿಕೊಂಡೇ ಪಾಠ ಶುರು. ಗಂಗಾವತಿಯಲ್ಲಿ ಕಂಪ್ಯೂಟರ್ ಕಲಿಸುವವರ ಹಣೆಬರಹ ಇದು.

ನಾವು ಕಲಿಸುವ ಪ್ರೋಗ್ರಾಮಿಂಗ್ ಭಾಷೆ ಇಲ್ಮಾದ ಹೊಸ ಆವೃತ್ತಿ ಹಾಕಬೇಕಿತ್ತು. ಮಾರ್ಚ್ ಸರ್ಟಿಫಿಕೇಟ್ ಪರೀಕ್ಷೆ ಹೊಸದರಲ್ಲೇ, ಹಳೆಯದು ನಡೆಯದು ಎಂದು ಸುತ್ತೋಲೆ. ಫೆಬ್ರವರಿ ಕೊನೆಯೊಳಗೆ ಎಲ್ಲ ಮಷೀನಿಗೂ ಹಾಕಿ ವರದಿ ಕಳಿಸಬೇಕಂತೆ. ಮೊದಲ ಮಷೀನಿನಲ್ಲಿ ಶುರು ಮಾಡಿದೆ. ಅರ್ಧಕ್ಕೆ ನಿಂತಿತು. ಡಿಸ್ಕ್ ಭರ್ತಿ. ಎರಡನೆಯದರಲ್ಲೂ ಅದೇ. ಮೂರನೆಯದನ್ನು ಮುಟ್ಟಲಿಲ್ಲ.

ಈ ಮಷೀನುಗಳಿಗೆ ಇರುವುದೇ ಮೂವತ್ತೆರಡು ಜಿ.ಬಿ. ಅದೂ ಬೋರ್ಡಿಗೇ ಬೆಸೆದ ಚಿಪ್ಪು, ಬದಲಿಸಲು ಬರುವುದಿಲ್ಲ. ಪರೀಕ್ಷೆಯಲ್ಲಿ ಪೆನ್‌ಡ್ರೈವ್ ನಿಷಿದ್ಧ. ಹಳೆಯ ಇಲ್ಮಾ ಅಳಿಸಿದರೂ ಉಳಿಯುವುದು ಎರಡೂವರೆ. ಹೊಸ ಇಲ್ಮಾದ ಲೈಬ್ರರಿ ಒಂದೇ ಆರು ಜಿ.ಬಿ. ಭಾಷೆ ಅಲ್ಲ, ಬರೀ ಲೈಬ್ರರಿ. ಅಂದರೆ ಯಾರೋ ಬರೆದಿಟ್ಟ ಸಾವಿರಾರು ಫಂಕ್ಷನ್ನುಗಳು, ಒಂದೊಂದು ಕೆಲಸ ಮಾಡುವ ಸಣ್ಣ ಪ್ರೋಗ್ರಾಂ ತುಣುಕುಗಳು, ಕಂಪೈಲ್ ಆಗಿ ಮಷೀನಿಗೆ ಸಿದ್ಧವಾದ ಫೈಲುಗಳು. ಅಷ್ಟು ದೊಡ್ಡದು ಯಾಕಾಯಿತೋ…

ಸಹನಾ ಹೆಡ್‌ಫೋನ್ ತೆಗೆದು ಕೇಳಿದಳು. "ಮೇಡಂ, ನಿಂತೈತೇನ್ರಿ? ಫ್ಯಾನಿನ ಸದ್ದು ಬದಲಿ ಆತು."

ಹೌದು ಎಂದೆ. ಅವಳು ಹುಲಿಹೈದರದವಳು, ಫೈನಲ್ ಇಯರ್. ಹುಟ್ಟಿನಿಂದ ಕಣ್ಣು ಕಾಣದು. ಪರದೆಯ ಮೇಲಿದ್ದುದನ್ನು ಮಷೀನು ಓದಿ ಹೇಳುತ್ತದೆ, ಕೇಳಿಸಿಕೊಂಡೇ ಪ್ರೋಗ್ರಾಂ ಬರೆಯುತ್ತಾಳೆ. ಅವಳು ಬಂದ ವರ್ಷವೇ ನಾನು ಲೈಬ್ರರಿಯ ಫಂಕ್ಷನ್ನುಗಳಿಗೆ ಕನ್ನಡದಲ್ಲಿ ವಿವರಣೆ ಬರೆಯಲು ಕುಳಿತದ್ದು. ಒಂದೊಂದೇ. ಎರಡು ವರ್ಷವಾಯಿತು. ಇಲ್ಮಾದವರು ಅದನ್ನೂ ಲೈಬ್ರರಿಯೊಳಗೆ ಸೇರಿಸಿಕೊಂಡರು. ನನ್ನ ಜೀವನದಲ್ಲಿ ಅಷ್ಟು ಖುಷಿಯಾದದ್ದು ಕಡಿಮೆ.

9 ಜನವರಿ, ಶುಕ್ರವಾರ

ಪ್ರಿನ್ಸಿಪಾಲರ ಚೇಂಬರ್. ವಿರುಪಣ್ಣ ಸರ್ ಒಳ್ಳೆಯವರೇ, ಗಾಬರಿ ಜಾಸ್ತಿ.

"ಪರೀಕ್ಷಾ ಸೆಂಟರ್ ಕೊಪ್ಪಳಕ್ಕ ಬದಲಿ ಮಾಡೂನೇನ್ರಿ ಶಿವಲೀಲಾ ಮೇಡಂ? ಅಲ್ಲಿ ಮಷೀನ್ ಹೊಸಾವ ಅದಾವ."

"ಅಲ್ಲಿ ಓದಿ ಹೇಳೋ ಸಾಫ್ಟ್‌ವೇರ್ ಇಲ್ರಿ ಸರ್. ಹಾಕಾಕೂ ಒಪ್ಪಂಗಿಲ್ಲ ಅಂದಾರ. ಸಹನಾ ಏನ್ ಮಾಡ್ಬೇಕು?"

ಅವರು ಮೂಗು ತಿಕ್ಕಿಕೊಂಡರು. ಆಮೇಲೆ ಮೆಲ್ಲಗೆ — "ಹಂಗಾರ ಆ ಕನ್ನಡದ್ದು ತಗದ್ರ ಹೆಂಗ್ರಿ? ಕನ್ನಡ ಅಕ್ಷರ ಭಾಳ ಜಾಗ ತಿಂತಾವಂತಲ್ಲ."

ತಿನ್ನುತ್ತವೆ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಆದರೆ ನಮ್ಮದಕ್ಕೆ ಮೂರು. ಗೊತ್ತಿದ್ದ ಮಾತೇ.

ಮೂಲೆಯ ಕುರ್ಚಿಯಿಂದ ದುರ್ಗಾದೇವಿ ಹೇಳಿದಳು. "ಸರ್, ಅಳದು ನೋಡೋತನಾ ಏನೂ ತಗೀಬ್ಯಾಡ್ರಿ."

ಜುಲೈನಲ್ಲಿ ನಮ್ಮ ಡಿಪಾರ್ಟ್‌ಮೆಂಟಿಗೆ ಬಂದವಳು. ಇರಕಲ್ಲಗಡದ ಹೊಲದ ಮನೆಯ ಹುಡುಗಿ, ಮೂವತ್ತು ದಾಟಿಲ್ಲ. ಎಂ.ಟೆಕ್‌ನಲ್ಲಿ ಓದಿದ್ದೇ ಕಂಪೈಲರ್, ಅಂದರೆ ನಾವು ಬರೆದ ಪ್ರೋಗ್ರಾಮನ್ನು ಮಷೀನಿನ ಭಾಷೆಗೆ ಬದಲಿಸುವ ಸಾಫ್ಟ್‌ವೇರ್. ಇಷ್ಟು ದಿನ ನನ್ನೊಂದಿಗೆ ಮಾತು ಅಷ್ಟಕ್ಕಷ್ಟೇ. ಸ್ವಲ್ಪ ಬಿಗುಮಾನದವಳು ಎಂದುಕೊಂಡಿದ್ದೆ.

"ಕನ್ನಡದ್ದು ಎಷ್ಟ ಇರಬೋದವಾ?" ಸರ್ ಕೇಳಿದರು.

"ಗೊತ್ತಿಲ್ರಿ. ನೋಡಿ ಹೇಳ್ತೀನಿ."

ಆ ಚೇಂಬರಿನಲ್ಲಿ ಇಷ್ಟು ಸಲೀಸಾಗಿ 'ಗೊತ್ತಿಲ್ಲ' ಎಂದವರನ್ನು ನಾನು ಕಂಡಿಲ್ಲ. ಸರ್ ಕೂಡ ತಲೆ ಎತ್ತಿ ನೋಡಿದರು.

12 ಜನವರಿ, ಸೋಮವಾರ

ಅಳೆದಳು. ನನ್ನ ವಿವರಣೆಗಳೆಲ್ಲ ಸೇರಿ ನೂರಕ್ಕೆ ಎರಡು ಪಾಲು. ಅಷ್ಟೇ!

ಸ್ಟಾಫ್‌ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ, ಇಲ್ಲದಿದ್ದರೆ ಮಾನ ಹೋಗುತ್ತಿತ್ತು. ಕಣ್ಣು ಒರೆಸಿಕೊಂಡೆ. ದುರ್ಗಾ ನನ್ನ ಕಡೆ ನೋಡಲೂ ಇಲ್ಲ. ಪರದೆಗೇ ಅಂಟಿಕೊಂಡು, "ಅಕ್ಕಾರ, ಹಂಗಾರ ಉಳದ ತೊಂಬತ್ತೆಂಟು ಪಾಲು ಏನೈತಿ ಒಳಗ?" ಎಂದಳು. ಮೇಡಂ ಹೋಗಿ ಅಕ್ಕ ಆದದ್ದು ಇವತ್ತು.

ನಾನೂ ಒಂದು ಉಪಾಯ ಹೇಳಿದೆ. ಜಿಪ್ ಮಾಡಿಬಿಡೋಣ. ಅದು ಕೆಲಸಕ್ಕೆ ಬಾರದು ಎಂದು ಅವಳಿಗೆ ಆಗಲೇ ಅನುಮಾನ ಇತ್ತು ಅನ್ನಿಸುತ್ತದೆ, ಈಗ ಯೋಚಿಸಿದರೆ. ಆದರೂ "ಮಾಡಿ ನೋಡೂನ್ರಿ" ಎಂದು ಇಬ್ಬರೂ ಕೂತೇ ಮಾಡಿದೆವು. ಫೈಲು ಸಣ್ಣದಾಯಿತು. ಆದರೆ ನಾಲ್ಕು ಸಾಲಿನ ಪ್ರೋಗ್ರಾಂ ಓಡಿಸಲು ಹೋದರೆ… ಕಾಯುತ್ತಾ ಕೂತೆವು. ದಾದೇಸಾಬ ಬಂದು, ನೋಡಿ, ಹೋದ. ಆಮೇಲೆ ಚಾ ತಂದ. ಆಗ ಓಡಿತು.

ಲೈಬ್ರರಿ ಫೈಲನ್ನು ಮಷೀನು ಇದ್ದ ಹಾಗೇ ಮೆಮೊರಿಗೆ ಎಳೆದುಕೊಳ್ಳುತ್ತದೆ. ಅದಕ್ಕೇ ವೇಗ. ಜಿಪ್ ಮಾಡಿದರೆ ಪ್ರತಿ ಸಲ ಬಿಚ್ಚಬೇಕು. ಪರೀಕ್ಷೆಯಲ್ಲಿ ಮಕ್ಕಳು ಅಷ್ಟು ಹೊತ್ತು ಕೈಕಟ್ಟಿ ಕೂರುತ್ತಾರೆಯೇ.

"ಈ ದಾರಿ ಬಂದ್ ಅಂತ ಗೊತ್ತಾತಲ್ರಿ," ಎಂದಳು. ವ್ಯಂಗ್ಯ ಇರಲಿಲ್ಲ. ನಿಜಕ್ಕೂ ಖುಷಿಯಾಗಿದ್ದಳು.

15 ಜನವರಿ, ಗುರುವಾರ. ಸಂಕ್ರಾಂತಿ

ಹನುಮನಹಳ್ಳಿ ಹೊಳೆದಂಡೆ. ನಾವು ಗಂಡ ಹೆಂಡತಿ, ಅತ್ತೆ ಕಳಕಮ್ಮ, ಜೊತೆಗೆ ದುರ್ಗಾ. ಅಂಜನಾದ್ರಿಗೆ ಬಂದವರ ಗದ್ದಲದಿಂದ ದೂರ, ಬಂಡೆಯ ನೆರಳು ಹುಡುಕಿ ಕೂತೆವು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಸಿಹಿಗೆ ಮಾದಲಿ. ಅತ್ತೆ ದುರ್ಗಾಳ ತಾಟಿಗೆ ಹಾಕಿದ್ದೇ ಹಾಕಿದ್ದು.

"ಇಲ್ಮಾ ಅಂದ್ರ ಯಾರವ್ವಾ? ದಿನಾ ಆಕೀ ಸುದ್ದೀನ ಹೇಳ್ತಾಳ ನನ್ನ ಸೊಸಿ. ಆಕೀ ಮೈ ಇಳಸಾಕ ಹತ್ತೀರಂತಲ್ಲ?"

ನಾನು ನಕ್ಕೆ. ದುರ್ಗಾ ನಗಲಿಲ್ಲ. ರೊಟ್ಟಿ ಕೆಳಗಿಟ್ಟಳು.

"ಅಮ್ಮಾರ, ಇವತ್ತ ನಾವ್ ನಾಲ್ಕ ಮಂದಿ ಬಂದೀವಿ. ಒಬ್ಬೊಬ್ರೂ ನಾಲ್ಕ ಮಂದೀ ಬುತ್ತಿ ಕಟ್ಗೊಂಡ್ ಬಂದಿದ್ರ?"

"ಹುಚ್ಚರನ್ನೋರು ಮಂದಿ."

"ಆ ಫೈಲ್ ಹಂಗ ಮಾಡ್ಯಾವ್ರಿ. ಒಂದಕ್ಕ ಇನ್ನೊಂದರದ್ದು ಏನರ ಬೇಕಾತಂದ್ರ, ಹೆಸರ ಹಿಡದು ಕರದ್ರ ಸಾಕಿತ್ತು. ಹಂಗ ಮಾಡದ, ಪೂರಾ ನಕಲ ಮಾಡಿ ತನ್ನ ಚೀಲಕ್ಕ ತುಂಬ್ಕೊಂಡೈತಿ. ಅದನ್ನ ಕರಿಯೂದು ಅದರದ್ದೂ ಸೇರಿಸಿ ತುಂಬ್ಕೊಂಡೈತಿ. ಹಿಂಗ ಬೆಳದು ಬೆಳದು ಆರ್ ಜಿ.ಬಿ. ಆಗೇತಿ."

ಅತ್ತೆ ಗಂಭೀರವಾಗಿ ಯೋಚಿಸಿದರು. "ಮತ್ತ ಹಂಚಿಕೊಂಡು ತಿನ್ನಂತ ಹೇಳವ್ವಾ ಅವಕ್ಕ."

"ಅದನ್ನ ಹೇಳ್ಬೇಕಾಗೇತ್ರಿ," ಎಂದಳು ದುರ್ಗಾ. ಆಗ ನಕ್ಕಳು.

ಸೋಮವಾರದಿಂದ ಆ ಫೈಲುಗಳನ್ನು ಒಂದೊಂದೇ ಬಿಚ್ಚಿ, ಬೈಟು ಬೈಟು ನೋಡಿದ್ದಾಳೆ. ನನಗೆ ಹೇಳಿರಲಿಲ್ಲ. ಖಾತ್ರಿಯಾಗದೆ ಬಾಯಿ ಬಿಡುವವಳಲ್ಲ.

24 ಜನವರಿ, ಶನಿವಾರ

ಬರೆಯದೆ ಒಂದು ವಾರದ ಮೇಲಾಯಿತು. ಇಂಟರ್ನಲ್ಸ್, ವ್ಯಾಲ್ಯುಯೇಷನ್, ನೆಗಡಿ.

ದುರ್ಗಾಳ ಕೆಲಸ ಮಾಡುವ ರೀತಿ ನೋಡುವುದೇ ಒಂದು ಪಾಠ. ಕ್ಲಾಸು ಮುಗಿಸಿ ಕಿಟಕಿ ಪಕ್ಕದ ಮೇಜಿಗೆ ಬರುತ್ತಾಳೆ. ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಮೊದಲು ಚಿತ್ರ ಬರೆಯುತ್ತಾಳೆ, ಯಾವ ಫೈಲು ಯಾವುದನ್ನು ಕರೆಯುತ್ತದೆ ಎಂದು. ಒಂದೇ ಒಂದು ಬದಲಾವಣೆ. ಎಲ್ಲ ಟೆಸ್ಟ್ ಓಡಿಸುವುದು. ಪಾಸಾದರೆ, ಯಾಕೆ ಬದಲಿಸಿದೆ ಎಂದು ಕೂತು ಬರೆಯುವುದು. ಫೇಲಾದರೆ ಪೂರ್ತಿ ವಾಪಸ್. ತೇಪೆ ಹಾಕುವುದಿಲ್ಲ. ಬುಧವಾರ ಮಧ್ಯಾಹ್ನದ ಕೆಲಸವೆಲ್ಲ ಹಾಗೆ ವಾಪಸ್ ಹೋಯಿತು. ನಾನಾಗಿದ್ದರೆ ಮನೆಗೆ ಹೋಗಿ ಯಾರ ಮೇಲಾದರೂ ರೇಗುತ್ತಿದ್ದೆ. ಅವಳು ಗಿರ್ಮಿಟ್ ತರಿಸಿ ತಿಂದಳು. "ಛಲೋ ಆತು, ಅಲ್ಲೇನೋ ಐತಿ ಅಂತ ತಿಳೀತು" ಎಂದಳು.

ನಕಲುಗಳನ್ನು ಬಿಡಿಸಿದಾಗ ಆರು ಹೋಗಿ ಮೂರು. ಸಾಲದು, ನಮಗಿರುವುದು ಎರಡೂವರೆ. ಆಮೇಲೆ ಇನ್ನೊಂದು ಹಾದಿ ಹಿಡಿದಳು. ಲೈಬ್ರರಿಯಲ್ಲಿ ಬೇರೆ ಬೇರೆ ಹೆಸರಿನ ಎಷ್ಟೋ ಫಂಕ್ಷನ್ನುಗಳು ಒಳಗೆ ಅಕ್ಷರಶಃ ಒಂದೇ. ಅಂಥವನ್ನೆಲ್ಲ ಒಂದೇ ಕಡೆ ಇಟ್ಟು, ಎಲ್ಲ ಹೆಸರುಗಳೂ ಅದನ್ನೇ ತೋರಿಸುವ ಹಾಗೆ ಮಾಡುವುದು.

ಇವತ್ತು ನಾಲ್ಕು ಗಂಟೆಗೆ — ಒಂದು ಪಾಯಿಂಟ್ ಎಂಟು!

ನಾನು ಕೂಗಿಯೇಬಿಟ್ಟೆ. ದಾದೇಸಾಬ ಓಡಿ ಬಂದ. "ಏನಾತ್ರಿ ಮೇಡಂ, ಶಾರ್ಟ್ ಆತೇನ್ರಿ?"

"ಇಲ್ಲ ದಾದೇಸಾಬಣ್ಣಾ, ಒಂದ್ ಕೆಲಸ ಆದಂಗ ಕಾಣತೈತಿ," ದುರ್ಗಾ ಹೇಳಿದಳು. "ಆತು ಅಂತ ನಾವ್ ಹೇಳಿದ್ರ ಆಗಂಗಿಲ್ಲ. ಮಂದಿ ನೋಡ್ಬೇಕು."

2 ಫೆಬ್ರವರಿ, ಸೋಮವಾರ

ಮಂದಿ ನೋಡುತ್ತಿದ್ದಾರೆ. ಇಲ್ಮಾ ಯಾರದೋ ಒಬ್ಬರ ಸ್ವತ್ತಲ್ಲ. ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು, ಆದರೆ ಪರಿಶೀಲಕರು ಒಪ್ಪಬೇಕು. ಮುಖ್ಯ ಪರಿಶೀಲಕ ಯಾವುದೋ ಚಳಿ ದೇಶದವನು. ಪ್ರಶ್ನೆ ಮೇಲೆ ಪ್ರಶ್ನೆ. ಎಲ್ಲಕ್ಕೂ ಅವಳ ಉತ್ತರ ಎರಡು ಸಾಲು, ಕೆಳಗೆ ಅಳತೆ.

ಇವತ್ತು ಅವನು ಬರೆದದ್ದು. ಇದು ಇಷ್ಟು ವರ್ಷ ನಮ್ಮ ಕಣ್ಣೆದುರಿಗೇ ಇತ್ತು, ನಾವ್ಯಾರೂ ನೋಡಲಿಲ್ಲ, ಶುಕ್ರವಾರ ಸೇರಿಸುತ್ತೇವೆ ಎಂದು.

ವಿರುಪಣ್ಣ ಸರ್ ಎಲ್ಲರಿಗೂ ಮಿರ್ಚಿ ಭಜಿ ತರಿಸಿದರು. ಸ್ಟಾಫ್‌ರೂಮಿಗೆ ಬಂದು, "ನಮ್ಮ ಕಾಲೇಜಿನ ಕೋಡು ಜಗತ್ತಿಗೆಲ್ಲಾ ಹೋಗತೈತ್ರಿ!" ಎಂದು ಭಾಷಣ. ದುರ್ಗಾ ತಲೆ ತಗ್ಗಿಸಿ ಮಿರ್ಚಿಯ ಎಣ್ಣೆ ಪೇಪರಿಗೆ ಒತ್ತುತ್ತಿದ್ದಳು. ಹೆಮ್ಮೆಯಾಯಿತು. ಹೊಟ್ಟೆಯುರಿಯೂ ಚೂರು ಆಯಿತು, ಇಲ್ಲಿ ಸುಳ್ಳು ಬರೆಯುವುದೇಕೆ. ಮಿರ್ಚಿ ಜೊತೆ ಇಳಿದುಹೋಯಿತು.

5 ಫೆಬ್ರವರಿ, ಗುರುವಾರ

ನಾಳೆ ಸೇರುವ ಮೊದಲು ಒಮ್ಮೆ ಮಕ್ಕಳ ಕೈಗೆ ಕೊಟ್ಟು ನೋಡೋಣ ಎಂದು ಬೆಳಿಗ್ಗೆ ಲ್ಯಾಬಿನಲ್ಲೆಲ್ಲ ಹಾಕಿದೆವು. ಎಲ್ಲ ಮಷೀನಿನಲ್ಲೂ ಹಿಡಿಯಿತು. ಬೇಗ ಓಡಿತು. ಎಲ್ಲರ ಪ್ರೋಗ್ರಾಮೂ ಸರಿ.

ಸಹನಾ ಮಾತ್ರ ಕೈ ನಿಲ್ಲಿಸಿ ಕೂತಿದ್ದಳು.

"ಯಾಕ ಸಹನಾ?"

"ಮೇಡಂ… ಇದು ಯಾಕೋ ಸುಳ್ಳ ಹೇಳಾಕ ಹತ್ತೈತ್ರಿ."

ಕ್ವಿಂಟಲನ್ನು ಕಿಲೋ ಮಾಡುವ ಫಂಕ್ಷನ್ನಿನ ವಿವರಣೆ ಕೇಳಿದ್ದಾಳೆ. ಮಷೀನು ಓದುತ್ತಿರುವುದು, 'ಮೀಟರನ್ನು ಸೆಂಟಿಮೀಟರಿಗೆ ಬದಲಿಸುತ್ತದೆ.' ನನ್ನದೇ ವಾಕ್ಯ, ಆದರೆ ಬೇರೆ ಫಂಕ್ಷನ್ನಿನದು.

ದುರ್ಗಾ ಓಡಿ ಬಂದಳು. ಹೆಡ್‌ಫೋನ್ ಇಸಿದುಕೊಂಡು ಕೇಳಿದಳು. "ಇನ್ನೊಮ್ಮೆ ಹಾಕು." ಮತ್ತೆ ಕೇಳಿದಳು. ಸ್ಟೂಲ್ ಎಳೆದುಕೊಂಡು ಸಹನಾಳ ಪಕ್ಕ ಕೂತಳು.

ಎರಡೂ ಮಾಡುವುದು ಒಂದೇ, ನೂರರಿಂದ ಗುಣಿಸುವುದು. ಒಳಗೆ ಒಂದೇ ಇದ್ದದ್ದರಿಂದ ಅವಳ ಕೋಡು ಎರಡನ್ನೂ ಒಂದು ಮಾಡಿದೆ. ವಿವರಣೆ ಹೆಸರಿನ ಜೊತೆಗಲ್ಲ, ಒಳಗಿನ ಗುಣಾಕಾರದ ಜೊತೆಗೆ ಅಂಟಿಕೊಂಡಿತ್ತು. ಹಾಗಾಗಿ ಎರಡಕ್ಕೂ ಒಂದೇ ವಿವರಣೆ. ಉತ್ತರ ಸರಿಯೇ ಬರುತ್ತದೆ, ಅದಕ್ಕೇ ಯಾವ ಟೆಸ್ಟಿಗೂ ಸಿಗಲಿಲ್ಲ. ಉಳಿದ ಮಕ್ಕಳೂ ಹಿಡಿಯಲಿಲ್ಲ. ಅವರು ವಿವರಣೆ ಓದುವುದಿಲ್ಲ, ಪಕ್ಕದವರನ್ನು ಕೇಳುತ್ತಾರೆ. ಸಹನಾ ಒಬ್ಬಳೇ ಪ್ರತಿಯೊಂದನ್ನೂ ಕೇಳಿಸಿಕೊಳ್ಳುವವಳು.

"ತಪ್ಪು ನಂದು ಸಹನಾ," ದುರ್ಗಾ ಹೇಳಿದಳು, ಎಲ್ಲ ಮಕ್ಕಳಿಗೂ ಕೇಳುವ ಹಾಗೆ. "ಎರಡೂ ಒಂದ ಅನ್ಕೊಂಡೆ. ಕೆಲಸ ಒಂದ ಇದ್ರೂ ಅವು ಬ್ಯಾರೆ."

ಹೊರಗೆ ಕಾರಿಡಾರಿನಲ್ಲಿ ನಾನೇ ಅಂದೆ. "ನಾಳೆ ಸೇರ್ಲಿ ಬಿಡು ದುರ್ಗಾ. ಆಮ್ಯಾಲ ಸರಿ ಮಾಡೂನು. ಬರೇ ವಿವರಣೆ ಅಲ್ಲೇನು."

ನನ್ನ ಬಾಯಲ್ಲಿ ಬಂದ ಮಾತು! ಎರಡು ವರ್ಷ ಕೂತು ಬರೆದವಳು ನಾನೇ.

ದುರ್ಗಾ ನನ್ನನ್ನೇ ನೋಡಿದಳು. ಸಿಟ್ಟಿಲ್ಲ. "ಅಕ್ಕಾರ, ಆಕಿಗೆ ಅದೊಂದ ದಾರಿ ಅಲ್ರಿ?"

6 ಫೆಬ್ರವರಿ, ಶುಕ್ರವಾರ

ಚಳಿ ದೇಶದವರು ಏಳುವ ಮೊದಲೇ ದುರ್ಗಾ ತನ್ನ ತಿದ್ದುಪಡಿಯನ್ನು ತಾನಾಗಿ ವಾಪಸ್ ತೆಗೆದುಕೊಂಡಳು. ಏನು ತಪ್ಪಾಯಿತು, ಯಾಕಾಯಿತು, ಎಲ್ಲ ಬಹಿರಂಗ. ಕಂಡುಹಿಡಿದವರು: ಸಹನಾ, ವಿದ್ಯಾರ್ಥಿನಿ, ಗಂಗಾವತಿ.

"ಆಕೀಗೆ ಕಣ್ಣ ಕಾಣಂಗಿಲ್ಲ ಅಂತ ಬರೀಲಿಲ್ಲೇನು?" ಕೇಳಿದೆ.

"ಯಾಕ್ರಿ? ನಮಗ್ಯಾರಿಗೂ ಸಿಗದ ತಪ್ಪ ಹಿಡದಾಳ. ಅಷ್ಟ ಸಾಕಲ್ರಿ."

ಮಧ್ಯಾಹ್ನ ಮುಖ್ಯ ಪರಿಶೀಲಕನ ಉತ್ತರ ಬಂತು. ಸೌಮ್ಯವಾಗಿಯೇ. ತಪ್ಪು ವಿವರಣೆಗಿಂತ ವಿವರಣೆ ಇಲ್ಲದ್ದೇ ವಾಸಿ, ಸದ್ಯಕ್ಕೆ ಎಲ್ಲ ಭಾಷೆಯ ವಿವರಣೆಗಳನ್ನೂ ತೆಗೆದು ಸೇರಿಸಿಬಿಡೋಣ, ಉಳಿದದ್ದು ಆಮೇಲೆ. ಜನ ಕಾಯುತ್ತಿದ್ದಾರೆ.

ದುರ್ಗಾ ಒಲ್ಲೆ ಎಂದಳು. ಇನ್ನಷ್ಟು ದಿನ ಕೊಡಿ ಎಂದಳು.

ವಿರುಪಣ್ಣ ಸರ್ ಮುಖ ಬಾಡಿತು. ಕೊಪ್ಪಳದ ಸೆಂಟರಿಗೆ ಮಕ್ಕಳ ಹೆಸರು ಕಳಿಸಲು ಇಪ್ಪತ್ತೈದರ ತನಕ ಅವಕಾಶ. "ಅಷ್ಟೊತ್ತಿಗೆ ಆಗದಿದ್ರ ಕಳಸ್ಲೇಬೇಕಾಗತೈತಿ ನೋಡವಾ. ಉಳದ ಮಕ್ಕಳದ್ದೂ ವರ್ಷ ಐತಿ." ಅವರು ಹೇಳಿದ್ದೂ ತಪ್ಪಲ್ಲ.

ಸಹನಾಳಿಗೆ ಯಾರೋ ಹೇಳಿದ್ದಾರೆ. ಸಂಜೆ ಹಾಸ್ಟೆಲಿಗೆ ಹೋಗದೆ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತಿದ್ದಳು.

"ನನ್ನ ಸಲುವಾಗಿ ಎಲ್ಲಾರ್ದೂ ನಿಲ್ಲಿಸಬ್ಯಾಡ್ರಿ ಮೇಡಂ. ನಾ ಮುಂದಿನ ವರ್ಷ ಬರೀತೀನಿ."

"ನಿನ್ನ ಸಲುವಾಗಿ ಅಲ್ಲ," ದುರ್ಗಾ ಎದ್ದು ಹೋಗಿ ಅವಳ ಕೈ ಹಿಡಿದು ಕರೆತಂದು ಕೂರಿಸಿದಳು. "ನಾ ಮಾಡಿದ ವಸ್ತು ಸುಳ್ಳ ಹೇಳಬಾರ್ದು, ಅದಕ್ಕ. ನೀ ನಾಳಿಂದ ನಂಗ ಬೇಕು. ಬರ್ತೀಯಿಲ್ಲೋ?"

ಸಹನಾ ಹೆಗಲ ಚೀಲ ಕೆಳಗಿಟ್ಟಳು. ಆಮೇಲೆ, "ಎಷ್ಟೊತ್ತಿಗೆ ಬರ್ಲಿ?"

15 ಫೆಬ್ರವರಿ, ಭಾನುವಾರ. ಶಿವರಾತ್ರಿ

ಉಪವಾಸ. ದುರ್ಗಾ, ಸಹನಾ ಇಬ್ಬರೂ ಬೆಳಿಗ್ಗೆಯೇ ನಮ್ಮನೆಗೆ. ಕಾಲೇಜಿಗೆ ರಜೆ, ಹಾಗಾಗಿ ಪಡಸಾಲೆಯೇ ಲ್ಯಾಬ್. ಅತ್ತೆ ಖರ್ಜೂರ, ಬಾಳೆಹಣ್ಣು ಇಟ್ಟು, "ಇಲ್ಮಾನೂ ಇವತ್ತ ಉಪಾಸ ಅದಾಳೇನು?" ಎಂದರು. ಸಹನಾ ಕೇಕೆ ಹಾಕಿ ನಕ್ಕಳು.

ವಿವರಣೆಯನ್ನು ಫಂಕ್ಷನ್ನಿನ ಒಳಗಿನಿಂದ ಕಿತ್ತು ಹೆಸರಿಗೆ ಅಂಟಿಸಬೇಕು. ಕೇಳಲು ಸುಲಭ. ಆದರೆ ಕಂಪೈಲರಿನ ಎಷ್ಟೋ ಕಡೆ 'ವಿವರಣೆ ಒಳಗಿರುತ್ತದೆ' ಎಂದೇ ನಂಬಿ ಬರೆದಿದ್ದಾರೆ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಮುರಿಯುತ್ತದೆ. ದುರ್ಗಾ ಎರಡು ಸಲ ಮೊದಲಿನಿಂದ ಶುರು ಮಾಡಿದ್ದಾಳೆ. ಕಣ್ಣ ಕೆಳಗೆ ಕಪ್ಪು. ಇವತ್ತು ಮೊದಲ ಬಾರಿಗೆ, "ಆಗತೈತೋ ಇಲ್ಲೋ ಅಕ್ಕಾರ…" ಎಂದಳು. ಬಾಳೆಹಣ್ಣು ಸುಲಿದು ಕೊಟ್ಟೆ.

19 ಫೆಬ್ರವರಿ, ಗುರುವಾರ

ಮುರಿಯುವುದು ನಿಂತಿದೆ. ಈಗ ಪರೀಕ್ಷಿಸುವ ಕೆಲಸ.

ಒಳಗೆ ಒಂದೇ ಆಗಿ, ಹೆಸರು ಬೇರೆಯಿರುವ ಫಂಕ್ಷನ್ನುಗಳು ಸಾವಿರದ ಮೇಲಿವೆ. ಸಹನಾ ಒಂದೊಂದನ್ನೇ ಕೇಳುತ್ತಾಳೆ. ನಾನು ಮೂಲ ಬರಹ ಹಿಡಿದು ಕೂರುತ್ತೇನೆ. ಅವಳು ಕೇಳುವ ವೇಗ! ಹೆಡ್‌ಫೋನ್ ಕಿವಿಗಿಟ್ಟು ನೋಡಿದೆ, ಜೀರುಂಡೆ ಕೂಗಿದ ಹಾಗೆ ಬರೀ ಸದ್ದು. ಅವಳಿಗೆ ಅದು ಕನ್ನಡ. ನಾನು ಪುಟ ಹುಡುಕುವಷ್ಟರಲ್ಲಿ, "ಸರಿ ಐತ್ರಿ, ಮುಂದಿಂದು" ಎನ್ನುತ್ತಾಳೆ.

ದುರ್ಗಾ ಅಷ್ಟಕ್ಕೇ ಬಿಡಲಿಲ್ಲ. ಸಹನಾ ಹೇಗೆ ಪರೀಕ್ಷಿಸುತ್ತಾಳೆ ಎಂದು ಅವಳನ್ನೇ ಕೇಳಿ ಕೇಳಿ, ಅದನ್ನೇ ಒಂದು ಟೆಸ್ಟ್ ಆಗಿ ಬರೆದಳು. ಇನ್ನು ಮುಂದೆ ಯಾರಾದರೂ ಲೈಬ್ರರಿ ಮುಟ್ಟಿ ಒಂದರ ವಿವರಣೆ ಇನ್ನೊಂದಕ್ಕೆ ಹೋದರೆ, ಮಷೀನೇ ಹಿಡಿಯುತ್ತದೆ. ಅರ್ಧ ಟೆಸ್ಟನ್ನು ಸಹನಾಳ ಕೈಯಿಂದಲೇ ಬರೆಸಿದಳು. ತಪ್ಪಾದಾಗ ತಾನು ಕೀಬೋರ್ಡ್ ಮುಟ್ಟಲಿಲ್ಲ, ಕೈ ಹಿಂದೆ ಕಟ್ಟಿಕೊಂಡು ನಿಂತಳು.

ಕಲಿಸುವುದು ನನ್ನ ವೃತ್ತಿ. ಹಾಗೆ ಕೈ ಕಟ್ಟಿಕೊಂಡು ನಿಲ್ಲುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು.

24 ಫೆಬ್ರವರಿ, ಮಂಗಳವಾರ. ಮಧ್ಯಾಹ್ನ ಮೂರು

ಸೇರಿತು!!

ಮೊನ್ನೆ ಕಳಿಸಿದ್ದು. ಚಳಿ ದೇಶದವನು ಈ ಸಲ ಪ್ರಶ್ನೆ ಕೇಳಲಿಲ್ಲ. ತಾನೇ ಒಂದಷ್ಟು ಫಂಕ್ಷನ್ನು ತೆಗೆದು ಕೇಳಿ ನೋಡಿದೆ, ಎಲ್ಲ ಸರಿ ಇದೆ ಎಂದು ಬರೆದ. ನೋಡಿದೆ ಅಲ್ಲ, ಕೇಳಿ ನೋಡಿದೆ. ಅವನೂ ಹೆಡ್‌ಫೋನ್ ಹಾಕಿಕೊಂಡು ಕೂತಿರಬೇಕು.

ಒಂದು ಪಾಯಿಂಟ್ ಒಂಬತ್ತು ಜಿ.ಬಿ. ಮೊದಲಿಗಿಂತ ಒಂದು ಚೂರು ಜಾಸ್ತಿ. ಆ ಚೂರು ಯಾಕೆ ಜಾಸ್ತಿ ಎಂದೂ ದುರ್ಗಾ ಕೆಳಗೆ ವಿವರಿಸಿದ್ದಾಳೆ.

ವಿರುಪಣ್ಣ ಸರ್ ಹತ್ತಿರ ಓಡಿದೆ. ಕೊಪ್ಪಳಕ್ಕೆ ಹೋಗಬೇಕಿದ್ದ ಹೆಸರುಗಳು ಮೇಜಿನ ಮೇಲೆ ಸಹಿಗೆ ಕಾಯುತ್ತಿದ್ದವು. ಅವರು ಪೆನ್ನಿನ ಕ್ಯಾಪು ಮುಚ್ಚಿದರು. "ದುರ್ಗಾದೇವಿಯವರನ್ನ ಕರೀರಿ," ಎಂದರು, ಬಹುವಚನದಲ್ಲಿ. ಅವಳು ಬಂದಾಗ ಎದ್ದು ನಿಂತರು. ಕೈ ಮುಗಿದರು. ದುರ್ಗಾಳಿಗೆ ನಾಚಿಕೆಯಾಗಿ, "ಸರ್, ಕ್ಲಾಸ್ ಐತ್ರಿ," ಎಂದು ಓಡಿಹೋದಳು.

26 ಫೆಬ್ರವರಿ, ಗುರುವಾರ

ಎಲ್ಲ ಮಷೀನಿಗೂ ಹಾಕಿ ಮುಗಿಯಿತು. ಕೊನೆಯದನ್ನು ದಾದೇಸಾಬ ತಾನೇ ಹಾಕಿದ. ನೂರು ಪರ್ಸೆಂಟ್ ಬಂದಾಗ, "ಹೊಕ್ಕತ್ರಿ!" ಎಂದ. ವರದಿ ಹೋಯಿತು.

9 ಮಾರ್ಚ್, ಸೋಮವಾರ

ಪರೀಕ್ಷೆ. ವಿಷಯ ಕಲಿಸಿದವರು ಪರೀಕ್ಷಾ ಕೋಣೆಯೊಳಗೆ ಇರುವಂತಿಲ್ಲ. ನಾನೂ ದುರ್ಗಾಳೂ ಬೇವಿನ ಮರದ ಕಟ್ಟೆಯ ಮೇಲೆ. ಅವಳು ಹೂವು ಹೆಕ್ಕಿ ಹೆಕ್ಕಿ ಸಾಲು ಮಾಡುತ್ತಿದ್ದಳು. ಕೆಡಿಸುತ್ತಿದ್ದಳು. ಮತ್ತೆ ಸಾಲು.

"ಹೆದರಿಕಿ ಏನು?"

"ಹೂಂ ರೀ. ಭಾಳ."

ಸಹನಾ ಕೊನೆಗೆ ಬಂದಳು. ಗೆಳತಿಯ ಭುಜ ಹಿಡಿದುಕೊಂಡು. ದುರ್ಗಾ ಹೂವಿನ ಸಾಲು ಬಿಟ್ಟು ತಲೆ ಎತ್ತಿದಳು.

"ಮೂರನೇದ್ದು ತಪ್ಪೇತ್ರಿ," ಸಹನಾ ಹೇಳಿದಳು. "ಲೈಬ್ರರಿದಲ್ಲ, ನಂದ ತಪ್ಪು. ಉಳದಾವೆಲ್ಲ ಬರದೀನಿ."

ದುರ್ಗಾ ಜೋರಾಗಿ ನಕ್ಕಳು. ನಗುತ್ತಲೇ ಮುಖ ಆ ಕಡೆ ತಿರುಗಿಸಿದಳು.

21 ಮಾರ್ಚ್, ಶನಿವಾರ

ಯುಗಾದಿಗೆ ಊರಿಗೆ ಹೋದವರು ಇನ್ನೂ ವಾಪಸ್ ಬಂದಿಲ್ಲ, ಕಾಲೇಜು ಖಾಲಿ. ಫಲಿತಾಂಶ ಬುಧವಾರವೇ ಬಂತು. ಸಹನಾ ಫಸ್ಟ್‌ಕ್ಲಾಸ್. ಇಬ್ಬರು ಫೇಲ್. ಅವರನ್ನು ಏಪ್ರಿಲಿನಿಂದ ದುರ್ಗಾ ಕೂರಿಸಿಕೊಳ್ಳುತ್ತಾಳಂತೆ. ನಾನೂ ಕೂರುತ್ತೇನೆ. ಕಂಪೈಲರ್ ಕಲಿಯಲು. ನಲವತ್ತೈದರಲ್ಲಿ. ಅವಳು ಒಪ್ಪಿದ್ದಾಳೆ, ಹೋಂವರ್ಕ್ ಮಾಡಲೇಬೇಕು ಎಂಬ ಷರತ್ತಿನ ಮೇಲೆ.

ಇದನ್ನು ಬರೆಯುತ್ತಿರುವಾಗಲೇ ಫೋನು. ಹುಲಿಹೈದರದಿಂದ ಸಹನಾ. ಅವರಣ್ಣನ ಹಳೆಯ ಲ್ಯಾಪ್‌ಟಾಪು, ಎರಡು ಜಿ.ಬಿ. ಖಾಲಿ ಇತ್ತಂತೆ. ಹಾಸ್ಟೆಲ್ ಬಿಡುವಾಗ ಇಲ್ಮಾವನ್ನು ಪೆನ್‌ಡ್ರೈವಿನಲ್ಲಿ ಒಯ್ದು ಅದಕ್ಕೆ ಹಾಕಿಕೊಂಡಿದ್ದಾಳೆ. ಮನೆಯಲ್ಲೇ ನಡೆಯುತ್ತಿದೆ. ಇಷ್ಟು ವರ್ಷ ಲ್ಯಾಬಿನ ಬಾಗಿಲು ತೆರೆದಾಗ ಮಾತ್ರ ಅವಳಿಗೆ ಇಲ್ಮಾ ಇತ್ತು.

"ಪರೀಕ್ಷಾ ಮುಗೀತಲ್ಲ, ಈಗ ಏನ್ ಮಾಡಾಕತ್ತೀ ಅದ್ರಾಗ?" ಕೇಳಿದೆ.

"ನಿಮ್ಮ ವಿವರಣೆ ಎಲ್ಲಾ ಮೊದಲಿಂದ ಕೇಳಾಕತ್ತೇನ್ರಿ. ಸುಮ್ನ. ಛಲೋ ಅನಸ್ತೈತಿ." ಸ್ವಲ್ಪ ತಡೆದು, "ಮೇಡಂ, ಸಿಟ್ಟಾಗಬ್ಯಾಡ್ರಿ… ಒಂದ ಕಡೆ ತಪ್ಪೇತಿ. ಸಾಲಿನ ಕೊನೀಗೆ ಸೇರಸ್ತೈತಿ ಅಂತ ಬರದೀರಿ, ಅದು ಮೊದಲಿಗೆ ಸೇರಸ್ತೈತ್ರಿ."

ಫೈಲು ತೆರೆದೆ. ಹೌದು. ಅವಳು ಹೇಳಿದ್ದೇ ಸರಿ. ಎರಡು ವರ್ಷದಿಂದ ಅಲ್ಲೇ ಇದ್ದ ತಪ್ಪು.

"ನೀನ ತಿದ್ದಿ ಕಳಸು," ಎಂದೆ. "ನಿನ್ನ ಹೆಸರಲೇ. ಹೆಂಗ ಕಳಸೂದಂತ ದುರ್ಗಾ ಮೇಡಂ ಹೇಳಿಕೊಡ್ತಾರ."

ಆ ಕಡೆ ಕೋಳಿಯ ಸದ್ದು, ಯಾರೋ ನೀರು ಸೇದುವ ಸದ್ದು. ಆಮೇಲೆ ಅವಳ ದನಿ, ಮೊದಲಿಗಿಂತ ಗಟ್ಟಿ.

"ಮೇಡಂ, ಹಂಗಾರ ಇನ್ನೊಂದೈತ್ರಿ—"